‘ಹೆತ್ತೆ, ತಾಯಿಯಾಗಲಿಲ್ಲ’ ಎಂದು ಬರೆದ ಸೋದರಿಗೆ

ಸೋದರಿ,

ನಿಮ್ಮ ಹೆಸರು, ಊರು ಬಿಟ್ಟು ಪತ್ರದ ಸಾರವನ್ನಷ್ಟೇ ಇಲ್ಲಿ ಹೇಳುತ್ತೇನೆ. ಹೆರಿಗೆಯಾದೊಡನೆ ನಿಲ್ಲದ ರಕ್ತಸ್ರಾವ, ಆರು ಬಾಟಲಿ ರಕ್ತ, ಐದು ದಿನ ಐಸಿಯು. ಮನೆಗೆ ಬಂದ ಮೇಲೆ ಸಬ್ಬಸಿಗೆ, ಮೆಂತ್ಯ, ಬೆಳ್ಳುಳ್ಳಿ ಎಲ್ಲವನ್ನೂ ತಿಂದರೂ ಒಂದು ಹನಿ ಹಾಲಿಳಿಯಲಿಲ್ಲ. ಎಂಟು ತಿಂಗಳಾದರೂ ಮುಟ್ಟು ಮರಳಿಲ್ಲ. ಬೇಸಿಗೆಯಲ್ಲೂ ಚಳಿ, ಬಿಂದಿಗೆ ಎತ್ತಲೂ ಆಗದ ಸುಸ್ತು. ಮಗು ನಿಮ್ಮ ಅತ್ತೆಯವರ ಮಡಿಲಲ್ಲಿ ಮಾತ್ರ ನಿದ್ದೆ ಹೋಗುತ್ತದೆ. ‘ಬಾಣಂತನ ಮುಗಿದರೂ ಇವಳ ಸೋಮಾರಿತನ ಮುಗಿಯಲಿಲ್ಲ’ ಎಂಬ ಮಾತು ಕಿವಿಗೆ ಬಿದ್ದ ದಿನ ನೀವು ಈ ಪತ್ರ ಬರೆದಿದ್ದೀರಿ.

ಸಮಾಧಾನ ಹೇಳುವುದಕ್ಕಿಂತ ಮೊದಲು ಹೇಳಲೇಬೇಕಾದ ಮಾತೊಂದಿದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಗರ್ಭಿಣಿಯಲ್ಲಿ ದೊಡ್ಡದಾಗುತ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ರಕ್ತದೊತ್ತಡ ಕುಸಿದಾಗ ಹಾಗೆ ಬೆಳೆದ ಗ್ರಂಥಿಗೆ ರಕ್ತ ಸಾಲದೆ ಅದರ ಒಂದು ಭಾಗ ಸತ್ತುಹೋಗಬಹುದು. ಹಾಲೂಡಿಸುವ, ಮುಟ್ಟು ತರಿಸುವ, ಥೈರಾಯ್ಡ್ ಮತ್ತು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ನಡೆಸುವ ಹಾರ್ಮೋನುಗಳೆಲ್ಲ ಹೊರಡುವುದು ಅಲ್ಲಿಂದಲೇ. ಬ್ರಿಟಿಷ್ ರೋಗಶಾಸ್ತ್ರಜ್ಞ ಹೆರಾಲ್ಡ್ ಶೀಹನ್ 1937ರಲ್ಲಿ ವಿವರಿಸಿದ ಈ ತೊಂದರೆಗೆ ‘ಶೀಹನ್ ಸಿಂಡ್ರೋಮ್’ ಎಂದು ಅವರ ಹೆಸರೇ ನಿಂತಿದೆ. ನಿಮಗೆ ಇದೇ ಆಗಿದೆಯೆಂದು ನಾನು ಹೇಳಲಾರೆ, ಆದರೆ ನೀವು ಬರೆದ ಒಂದೊಂದು ಲಕ್ಷಣವೂ ಪರೀಕ್ಷೆಯನ್ನು ಬೇಡುತ್ತಿದೆ. ಹಾರ್ಮೋನು ತಜ್ಞರನ್ನು ಕಂಡು, ಹೆರಿಗೆಯ ಡಿಸ್ಚಾರ್ಜ್ ಸಾರಾಂಶವನ್ನು ಅವರ ಮುಂದಿಡಿ. ಇಂಥ ತೊಂದರೆಯಲ್ಲಿ ಟಿಎಸ್‌ಎಚ್ (ಥೈರಾಯ್ಡನ್ನು ನಡೆಸುವ ಪಿಟ್ಯುಟರಿ ಹಾರ್ಮೋನು) ಒಂದನ್ನೇ ನೋಡಿದರೆ ಎಲ್ಲ ಸರಿಯಿರುವಂತೆ ಕಾಣಬಹುದು. ಫ್ರೀ ಟಿ4 (ಥೈರಾಯ್ಡ್ ಹಾರ್ಮೋನು), ಬೆಳಗಿನ ಕಾರ್ಟಿಸೋಲ್ (ಅಡ್ರಿನಲ್ ಹಾರ್ಮೋನು) ಪರೀಕ್ಷೆಗಳು ಕೂಡ ಬೇಕೇ ಎಂದು ಕೇಳಿ. ಕಾರ್ಟಿಸೋಲ್ ನೋಡದೆ ಥೈರಾಯ್ಡ್ ಮಾತ್ರೆ ಶುರುಮಾಡಬೇಡಿ. ನಡುವೆ ಜ್ವರವೋ ವಾಂತಿಯೋ ಬಂದು ತಲೆಸುತ್ತಿದರೆ ಆಸ್ಪತ್ರೆಗೆ ಹೋಗಲು ಬೆಳಗಾಗುವವರೆಗೆ ಕಾಯಬೇಡಿ.

ಹಾಲು ಬಾರದಿದ್ದುದು ನಿಮ್ಮ ಪ್ರೀತಿಯ ಕೊರತೆಯಿಂದಲ್ಲ ಎಂಬುದನ್ನು ಮನೆಯವರೆಲ್ಲರ ಎದುರು ವೈದ್ಯರ ಬಾಯಿಂದಲೇ ಹೇಳಿಸಿ. ಪತಿಯನ್ನು ಜೊತೆಗೇ ಕರೆದೊಯ್ಯಿರಿ.

ಇನ್ನು ಮಗುವಿನ ವಿಷಯ. ಐದು ದಿನ ನೀವು ಐಸಿಯುವಿನಲ್ಲಿದ್ದಾಗ ಆ ಕೂಸನ್ನು ಎದೆಗವಚಿಕೊಂಡು ಎಚ್ಚರವಿದ್ದವರು ನಿಮ್ಮ ಅತ್ತೆ. ಅದು ಅವರನ್ನು ಹಚ್ಚಿಕೊಂಡದ್ದು ನಿಮ್ಮಿಂದ ಕಸಿದದ್ದೇನೂ ಅಲ್ಲ. ನೀರೆರೆಯುವ ಭಾರದ ಕೆಲಸ ಅವರಿಗೇ ಇರಲಿ. ಎರೆದ ಮೇಲೆ ಮೈ ಒರೆಸಿ ಸಾಂಬ್ರಾಣಿಯ ಘಮದಲ್ಲಿ ಬಟ್ಟೆ ತೊಡಿಸುವುದು, ಸಂಜೆಯ ಒಂದು ಬಾಟಲಿ ಹಾಲು ಕುಡಿಸುವುದು, ಇವೆರಡು ಮಾತ್ರ ದಿನವೂ ನಿಮ್ಮದಾಗಲಿ, ಕುಳಿತೇ ಮಾಡಿ. ಎಂಟು ತಿಂಗಳ ಮಗುವಿಗೆ ನಿಮ್ಮ ದನಿ ಗೊತ್ತು, ನಿತ್ಯದ ಹೊತ್ತು ಗೊತ್ತಾಗುತ್ತದೆ.

ರಾತ್ರಿ ಐಸಿಯು ಯಂತ್ರಗಳ ಸದ್ದು ಕೇಳಿಸಿ ಬೆಚ್ಚಿ ಏಳುತ್ತೇನೆ ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ನನ್ನನ್ನು ಹೆಚ್ಚು ಕಾಡಿದ್ದು ಆ ಸಾಲು. 2022ರಲ್ಲಿ ಆರಂಭವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ (14416) ಕರೆ ಮಾಡಿ. ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಂಡು ಆರೈಕೆ ಮಾಡುವ ವಿಭಾಗವೂ ಇದೆ.

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ದಯವಿಟ್ಟು ಇನ್ನೊಂದು ಪತ್ರ ಬರೆಯಿರಿ. ಕಾಯುತ್ತಿರುತ್ತೇನೆ.

– ಸಂಪಾದಕ