ಎಷ್ಟು ತಿಂದರೂ ನಾಯಿ ಸೊರಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ವರ್ಷದ ಜರ್ಮನ್ ಶೆಫರ್ಡ್ ಇದೆ, ಹೆಸರು ಬ್ರೂನೊ. ಕಳೆದ ವರ್ಷ 32 ಕೆ.ಜಿ. ಇದ್ದವನು ಈಗ 23 ಕೆ.ಜಿ.ಗೆ ಇಳಿದಿದ್ದಾನೆ. ಹಸಿವು ಮಾತ್ರ ವಿಪರೀತ. ತಟ್ಟೆ ನೆಕ್ಕುತ್ತಾನೆ, ಕಸದ ಬುಟ್ಟಿಗೆ ಬಾಯಿ ಹಾಕುತ್ತಾನೆ, ಕೊನೆಗೆ ತನ್ನ ಕಕ್ಕವನ್ನೇ ತಿನ್ನುತ್ತಾನೆ. ದಿನಕ್ಕೆ ಐದಾರು ಸಲ ರಾಶಿ ರಾಶಿ ಬೇಧಿ, ತಿಳಿ ಹಳದಿ ಬಣ್ಣ, ಎಣ್ಣೆಯ ಜಿಡ್ಡು, ವಾಸನೆ ತಡೆಯೋಕಾಗಲ್ಲ. ಜಂತುಹುಳದ ಔಷಧಿ, ಬೇಧಿ ಮಾತ್ರೆ, ಮೊಸರನ್ನ ಎಲ್ಲ ಆಯಿತು. ಅತ್ತೆ ದೃಷ್ಟಿಯೂ ತೆಗೆದರು. ಈಗ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ, ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕೆಲಸ ಮಾಡುತ್ತಿಲ್ಲ, ಇದು ಇ.ಪಿ.ಐ. ಅನ್ನುವ ಕಾಯಿಲೆ, ಬದುಕಿರುವವರೆಗೂ ಊಟಕ್ಕೆ ಪುಡಿ ಬೆರೆಸಬೇಕು ಅಂದಿದ್ದಾರೆ. ವಾಸಿಯೇ ಆಗುವುದಿಲ್ಲವೇ? ಖರ್ಚು ಕೇಳಿ ಯಜಮಾನರು ಯಾರಿಗಾದರೂ ಕೊಟ್ಟುಬಿಡೋಣ ಅನ್ನುತ್ತಿದ್ದಾರೆ. ರಾತ್ರಿ ಎದ್ದೆದ್ದು ನೆಲ ಒರೆಸಿ ನನಗೂ ಸಾಕಾಗಿದೆ.
– ಓದುಗರು, ತಿಪಟೂರು

ಉತ್ತರ: ಮೊದಲು ಯಜಮಾನರಿಗೆ ಒಂದು ಮಾತು. ಕೊಡುವ ತೀರ್ಮಾನವನ್ನು ಒಂದೆರಡು ತಿಂಗಳು ಪಕ್ಕಕ್ಕಿಡಿ. ನೀವು ಈಗ ನೋಡುತ್ತಿರುವುದು ಚಿಕಿತ್ಸೆ ಇಲ್ಲದ ಬ್ರೂನೊನನ್ನು. ಪುಡಿ ಸರಿಯಾಗಿ ಹೊಟ್ಟೆಗೆ ಬಿದ್ದರೆ ಎಷ್ಟೋ ನಾಯಿಗಳಲ್ಲಿ ವಾರದೊಳಗೇ ಬೇಧಿ ಗಟ್ಟಿಯಾಗುತ್ತದೆ. ತೂಕ ಮಾತ್ರ ನಿಧಾನ, ಅದಕ್ಕೆ ವಾರಗಟ್ಟಲೆ ಬೇಕು.

ಕಾಯಿಲೆ ವಾಸಿಯಾಗುವುದಿಲ್ಲ, ನಿಜ. ತಿಂದದ್ದನ್ನು ಅರಗಿಸುವ ಕಿಣ್ವಗಳು ತಯಾರಾಗುವುದು ಪ್ಯಾಂಕ್ರಿಯಾಸ್‌ನಲ್ಲಿ. ಜರ್ಮನ್ ಶೆಫರ್ಡ್‌ಗಳಲ್ಲಿ ಕೆಲವಕ್ಕೆ ಚಿಕ್ಕ ವಯಸ್ಸಿನಲ್ಲೇ ಆ ಭಾಗ ನಶಿಸಿ ಹೋಗುತ್ತದೆ. ದೇಹದ ರಕ್ಷಣಾ ವ್ಯವಸ್ಥೆಯೇ ಅದರ ಮೇಲೆ ದಾಳಿ ಮಾಡಿರುತ್ತದೆ. ಶೇ 90ರಷ್ಟು ಹಾಳಾಗುವವರೆಗೆ ಹೊರಗೆ ಏನೂ ಕಾಣುವುದಿಲ್ಲ. ಹಾಗಾಗಿ ಮೊದಲೇ ಗೊತ್ತಾಗಲಿಲ್ಲವಲ್ಲ ಅಂತ ಕೊರಗಬೇಡಿ. ಕಿಣ್ವವಿಲ್ಲದೆ ಅನ್ನ, ಮಾಂಸ, ಕೊಬ್ಬು ಯಾವುದೂ ಒಡೆಯುವುದಿಲ್ಲ, ಮೈಗೆ ಹತ್ತುವುದಿಲ್ಲ. ಬಾಯಲ್ಲಿ ಹೋದದ್ದು ಹಾಗೇ ಹಿಂದೆ ಬರುತ್ತದೆ, ಅದಕ್ಕೇ ಅಷ್ಟು ರಾಶಿ. ಅವನು ಕಕ್ಕ ತಿನ್ನುವುದೂ ಇದೇ ಕಾರಣಕ್ಕೆ, ಅವನಿಗೆ ಅದರಲ್ಲಿ ಇನ್ನೂ ಊಟ ಉಳಿದಿದೆ. ಗದರಿದರೆ ನಿಲ್ಲುವ ಚಟ ಅಲ್ಲ. ಹಾಕಿದ ತಕ್ಷಣ ಎತ್ತಿಬಿಡಿ, ಹೊಟ್ಟೆ ತುಂಬಲು ಶುರುವಾದ ಮೇಲೆ ತಾನಾಗಿಯೇ ಕಡಿಮೆಯಾಗುತ್ತದೆ.

ರಿಪೋರ್ಟ್ ಕೈಯಲ್ಲಿದ್ದರೆ ಒಮ್ಮೆ ತೆಗೆದು ನೋಡಿ. ಟಿ.ಎಲ್.ಐ. ಎಂಬ ಹೆಸರಿನ ಪರೀಕ್ಷೆ ಇರಬೇಕು, ಪ್ಯಾಂಕ್ರಿಯಾಸ್‌ನ ಕಿಣ್ವದ ಅಂಶ ರಕ್ತದಲ್ಲಿ ಎಷ್ಟಿದೆ ಅಂತ ಅಳೆಯುವುದು ಅದು. 8ರಿಂದ 12 ಗಂಟೆ ಉಪವಾಸ ಇಟ್ಟು ರಕ್ತ ತೆಗೆದಿರಬೇಕು. ಫಲಿತಾಂಶ ಆ ಲ್ಯಾಬ್ ಕೊಟ್ಟಿರುವ ಮಿತಿಗಿಂತ ತೀರಾ ಕೆಳಗಿದ್ದರೆ ಇ.ಪಿ.ಐ. ಖಚಿತ, ಸಾಮಾನ್ಯ ಮಟ್ಟದಲ್ಲಿದ್ದರೆ ಬೇರೆ ಕಾರಣ ಹುಡುಕಬೇಕು. ರಕ್ತದಲ್ಲಿ ಅಮೈಲೇಸ್, ಲೈಪೇಸ್ ಎಂಬ ಬೇರೆ ಕಿಣ್ವಗಳನ್ನು ನೋಡಿ ಅಥವಾ ಬರೀ ಸ್ಕ್ಯಾನಿಂಗ್ ಮಾಡಿ ಇದನ್ನು ಹೇಳಲಾಗುವುದಿಲ್ಲ. ಟಿ.ಎಲ್.ಐ. ನಾಯಿಗೆಂದೇ ಇರುವ ಪರೀಕ್ಷೆ, ಮನುಷ್ಯರ ಕಿಟ್‌ನಲ್ಲಿ ನಡೆಯುವುದಿಲ್ಲ. ಆ ಪರೀಕ್ಷೆ ಆಗಿಲ್ಲವಾದರೆ ಮಾಡಿಸಿ, ಯಾಕೆಂದರೆ ಮುಂದೆ ಮಾಡುವ ಖರ್ಚೆಲ್ಲ ಅದರ ಮೇಲೆ ನಿಂತಿದೆ. ಅನುಮಾನ ಉಳಿದರೆ ಹೆಬ್ಬಾಳ, ಹಾಸನ ಅಥವಾ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಇನ್ನೊಂದು ಅಭಿಪ್ರಾಯ ಕೇಳಬಹುದು.

ಇನ್ನು ಪುಡಿಯ ವಿಷಯ, ಅಂದರೆ ಅವನಲ್ಲಿ ಇಲ್ಲದ ಕಿಣ್ವವನ್ನು ಹೊರಗಿನಿಂದ ಕೊಡುವ ಔಷಧಿ. ಸೋಲುವುದು ಹೆಚ್ಚಾಗಿ ಇಲ್ಲೇ, ಅದೂ ಅಡುಗೆಮನೆಯಲ್ಲಿ. ಕುಕ್ಕರ್‌ನಿಂದ ತೆಗೆದ ಬಿಸಿ ಅನ್ನಕ್ಕೆ ಪುಡಿ ಉದುರಿಸಿದರೆ ಕಿಣ್ವ ಅಲ್ಲೇ ಸತ್ತುಹೋಗುತ್ತದೆ. ಬೆರಳು ಇಟ್ಟರೆ ಬೆಚ್ಚಗೆ ಅನ್ನಿಸಬೇಕು, ಅಷ್ಟೇ. ಮೊದಲು ಅನ್ನ-ಮಾಂಸಕ್ಕೆ ಒಂದಿಷ್ಟು ನೀರು ಹಾಕಿ ಒದ್ದೆ ಮಾಡಿ, ಆಮೇಲೆ ಪುಡಿ ಹಾಕಿ, ಪ್ರತಿ ತುತ್ತಿಗೂ ಅಂಟುವ ಹಾಗೆ ಕಲಸಿ. ಒಣ ಪುಡಿ ತುಟಿ-ವಸಡಿಗೆ ಮೆತ್ತಿಕೊಂಡರೆ ಹುಣ್ಣಾಗುತ್ತದೆ, ರಕ್ತವೂ ಬರಬಹುದು. ಊಟವಾದ ಮೇಲೆ ಒದ್ದೆ ಬಟ್ಟೆಯಲ್ಲಿ ಬಾಯಿ ಒರೆಸಿ. ಡಬ್ಬಿ ತೆಗೆಯುವಾಗ ಪುಡಿ ಹಾರಿಸಬೇಡಿ, ಮನೆಯಲ್ಲಿ ದಮ್ಮು ಇರುವವರಿಗೆ ಆಗಿಬರುವುದಿಲ್ಲ. ಕಲಸಿ ಅರ್ಧ ಗಂಟೆ ಇಡಬೇಕು ಅಂತ ಯಾರೋ ಹೇಳುತ್ತಾರೆ. ಬೇಕಿಲ್ಲ, ಕಲಸಿದ ಕೂಡಲೇ ಕೊಡಿ. ಪುಡಿ ಸಿಗದೆ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರೆ ಇಡಿಯಾಗಿ ನುಂಗಿಸಬೇಡಿ, ಬಿಡಿಸಿ ಊಟಕ್ಕೆ ಬೆರೆಸಿ. ಇನ್ನೊಂದು ವಿಷಯ, ಈ ಔಷಧಿ ತಯಾರಾಗುವುದು ಹಂದಿಯ ಪ್ಯಾಂಕ್ರಿಯಾಸ್‌ನಿಂದ. ಕೆಲವು ಮನೆಗಳಲ್ಲಿ ಇದು ದೊಡ್ಡ ವಿಷಯವಾಗುತ್ತದೆ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ.

ಈಗ ಅತ್ತೆಯವರ ಹತ್ತಿರ ಬರೋಣ. ನಿಮ್ಮ ಪತ್ರದಲ್ಲಿ ಬರೆದಿಲ್ಲ, ಆದರೂ ಊಹಿಸಬಲ್ಲೆ. ಪಾಪ, ಇಷ್ಟು ಸೊರಗಿದೆಯಲ್ಲ ಅಂತ ಅಡುಗೆಮನೆ ಬಾಗಿಲಿನಿಂದ ಒಂದು ಚೂರು ರೊಟ್ಟಿ, ಮಕ್ಕಳ ಕೈಯಿಂದ ಎರಡು ಬಿಸ್ಕೆಟ್, ಸಂಜೆ ಒಂದು ಲೋಟ ಹಾಲು. ಪುಡಿ ಇಲ್ಲದೆ ಹೋದ ಪ್ರತಿ ತುತ್ತೂ ನಾಳೆ ನೀವು ಒರೆಸಬೇಕಾದ ನೆಲ. ಡಾಕ್ಟರ್ ಎಷ್ಟೇ ಒಳ್ಳೆಯವರಿರಲಿ, ಈ ಕಾಯಿಲೆ ಹತೋಟಿಗೆ ಬರುವುದು ಮನೆಯವರೆಲ್ಲ ಒಂದೇ ಮಾತಿಗೆ ನಿಂತಾಗ. ಅತ್ತೆಯವರನ್ನು ದೂರ ಇಡಬೇಡಿ, ಒಂದು ಹೊತ್ತಿನ ಊಟ ಕಲಸುವ ಕೆಲಸವನ್ನು ಅವರಿಗೇ ಕೊಡಿ. ಕೈಯಾರೆ ಬಡಿಸುವ ಸಮಾಧಾನ ಅವರಿಗೂ ಸಿಗುತ್ತದೆ, ಕದ್ದು ಕೊಡುವುದು ತಪ್ಪುತ್ತದೆ.

ದಿನಕ್ಕೆ ಎರಡು ಹೊತ್ತು ಕೊಡಿ, ಮೂರಾದರೆ ಇನ್ನೂ ಒಳ್ಳೆಯದು. ನಾರಿನಂಶ ಜಾಸ್ತಿ ಇರುವುದು ಇವನಿಗೆ ಒಗ್ಗುವುದಿಲ್ಲ, ಕಿಣ್ವದ ಕೆಲಸಕ್ಕೆ ಅಡ್ಡಿ. ಹಾಗಾಗಿ ರಾಗಿ ಮುದ್ದೆ ಸದ್ಯಕ್ಕೆ ಬೇಡ. ತುಮಕೂರು ಕಡೆಯವರಿಗೆ ಇದು ಬೇಜಾರಿನ ಮಾತು, ಗೊತ್ತು. ಚೆನ್ನಾಗಿ ಬೆಂದ ಬಿಳಿ ಅನ್ನ, ಚರ್ಮ ತೆಗೆದ ಚಿಕನ್ ಸಾಕು. ಕೊಬ್ಬನ್ನು ಪೂರ್ತಿ ನಿಲ್ಲಿಸಬೇಕಾಗಿಲ್ಲ. ಹೀಗೆ ದಿನಾ ಮನೆ ಊಟವೇ ಆದರೆ ಕ್ಯಾಲ್ಸಿಯಂ, ಖನಿಜಾಂಶ ಏನು ಸೇರಿಸಬೇಕು ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ.

ಪುಡಿ ಶುರುವಾಗಿ ಎರಡು-ಮೂರು ವಾರವಾದರೂ ತೂಕ ಏರದಿದ್ದರೆ ಬಿ12 ಬಗ್ಗೆ ಕೇಳಿ. ನಾಯಿಗಳಲ್ಲಿ ಬಿ12 ಹೀರಿಕೊಳ್ಳಲು ಬೇಕಾದ ಅಂಶ ಬರುವುದೂ ಮುಖ್ಯವಾಗಿ ಪ್ಯಾಂಕ್ರಿಯಾಸ್‌ನಿಂದಲೇ. ಹಾಗಾಗಿ ಈ ಕಾಯಿಲೆ ಇರುವ ಬಹುತೇಕ ನಾಯಿಗಳಿಗೆ ಬಿ12 ಕೊರತೆ ಇರುತ್ತದೆ, ಅದನ್ನು ತುಂಬದೆ ಪುಡಿ ಎಷ್ಟು ಹಾಕಿದರೂ ಅರ್ಧ ಫಲ. ಸಾಮಾನ್ಯವಾಗಿ ವಾರಕ್ಕೊಂದರಂತೆ 6 ವಾರ ಇಂಜೆಕ್ಷನ್, ಆಮೇಲೆ ತಿಂಗಳಿಗೊಂದು. ಮಾತ್ರೆಯಲ್ಲೂ ಕೊಡಬಹುದು. ಇಂಜೆಕ್ಷನ್ ದುಬಾರಿಯಲ್ಲ. ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿದ್ದರೆ ಕೆಲವು ವಾರ ಆಂಟಿಬಯೋಟಿಕ್ ಕೂಡ ಬೇಕಾಗಬಹುದು.

ಖರ್ಚು ಉಳಿಸಲು ನೀವೇ ಪುಡಿ ಕಡಿಮೆ ಮಾಡಬೇಡಿ. ತೂಕ ಬಂದು, ಕಕ್ಕ ಒಂದೆರಡು ತಿಂಗಳು ಸರಿಯಾಗಿಯೇ ಇದ್ದ ಮೇಲೆ ಡಾಕ್ಟರ್‌ಗೆ ಹೇಳಿ ಸ್ವಲ್ಪ ಸ್ವಲ್ಪವಾಗಿ ಇಳಿಸಿ ನೋಡಬಹುದು. ಬೇಧಿ ಮತ್ತೆ ಶುರುವಾದರೆ ಪುಡಿ ಎಷ್ಟಕ್ಕಿಂತ ಇಳಿಸಬಾರದು ಅಂತ ಗೊತ್ತಾಗುತ್ತದೆ. ಮಾಂಸದಂಗಡಿಯಿಂದ ಪ್ರಾಣಿಯ ಹಸಿ ಪ್ಯಾಂಕ್ರಿಯಾಸ್ ತಂದು ಫ್ರೀಜರ್‌ನಲ್ಲಿಟ್ಟು ಕೊಡುವವರೂ ಇದ್ದಾರೆ. ಕೆಲಸ ಮಾಡುತ್ತದೆ. ಆದರೆ ಬೇಯಿಸಿದರೆ ಪ್ರಯೋಜನವಿಲ್ಲ, ಹಸಿಯಾಗಿ ಕೊಟ್ಟರೆ ಸೋಂಕಿನ ಭಯ. ಚಿಕ್ಕ ಮಕ್ಕಳಿರುವ ಮನೆಗೆ ನಾನಂತೂ ಹೇಳುವುದಿಲ್ಲ.

ರಾತ್ರಿಯ ಒರೆಸಾಟಕ್ಕೆ ಸದ್ಯದ ಉಪಾಯ: ಕೊನೆಯ ಊಟ ಏಳು ಗಂಟೆಯೊಳಗೆ ಮುಗಿಸಿ, ಮಲಗುವ ಮುಂಚೆ ತಪ್ಪದೆ ಹೊರಗೆ ಕರೆದುಕೊಂಡು ಹೋಗಿ, ಮಲಗುವ ಜಾಗದ ನೆಲಕ್ಕೆ ಹಳೆಯ ಪೇಪರ್ ಹಾಸಿ. ಆ ಪಾಳಿಯನ್ನು ಯಜಮಾನರ ಜೊತೆ ಹಂಚಿಕೊಳ್ಳಿ, ಒಬ್ಬರೇ ಹೊರಬೇಡಿ. ಒಂದು ನೋಟ್‌ಬುಕ್ ಇಟ್ಟು ವಾರಕ್ಕೊಮ್ಮೆ ತೂಕ, ದಿನಕ್ಕೆಷ್ಟು ಸಲ ಹೋದ ಅನ್ನುವುದನ್ನು ಬರೆಯಿರಿ. ಬೇಸರದ ದಿನ ಏನೂ ಸುಧಾರಿಸಿಲ್ಲ ಅನ್ನಿಸುತ್ತದೆ, ಪುಸ್ತಕ ತೆಗೆದರೆ ಗೊತ್ತಾಗುತ್ತದೆ.

ಎಚ್ಚರಿಕೆ ಒಂದೇ. ಹೊಟ್ಟೆ ಇದ್ದಕ್ಕಿದ್ದಂತೆ ಊದಿ ಬಿಗಿದರೆ, ವಾಂತಿಗೆ ಓಕರಿಸಿದರೂ ಏನೂ ಬಾರದಿದ್ದರೆ, ಅಥವಾ ಕುಸಿದು ಬಿದ್ದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ. ಈ ತಳಿಯಲ್ಲಿ ಜಠರವೋ ಕರುಳೋ ತಿರುಚಿಕೊಳ್ಳುವ ಅಪಾಯ ಇದೆ. ಬ್ರೂನೊನಿಂದ ಮರಿ ಮಾಡಿಸುವ ಆಲೋಚನೆ ಇದ್ದರೆ ಬಿಟ್ಟುಬಿಡಿ, ಈ ಕಾಯಿಲೆ ವಂಶದಲ್ಲಿ ಹರಿಯುತ್ತದೆ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ನಾಲ್ಕು ತಿಂಗಳಿಂದ ಬೇಧಿ, ಆಗಾಗ ವಾಂತಿ. ಮಾತ್ರೆ ಕೊಟ್ಟಾಗ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಅದೇ. ಫ್ರೆಶ್ ಚಿಕನ್, ಅನ್ನ ಬಿಟ್ಟು ಬೇರೇನೂ ಕೊಡುವುದಿಲ್ಲ. ಮೀನು ಯಾವಾಗಲೋ ಒಮ್ಮೆ.
– ಓದುಗರು, ಮಂಗಳೂರು

ಉತ್ತರ: ಮೂರು ವಾರ ದಾಟಿದ ಬೇಧಿಗೆ ಮಾತ್ರೆ ಬದಲಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ. ಬೇರೆ ಬೇರೆ ದಿನದ ಮಲ ಪರೀಕ್ಷೆ, ಒಂದು ಪೂರ್ಣ ರಕ್ತ ಪರೀಕ್ಷೆ ಮಾಡಿಸಿ. ಅದರಲ್ಲಿ ಏನೂ ಸಿಗದಿದ್ದರೆ ಅನುಮಾನ ಆ ಫ್ರೆಶ್ ಚಿಕನ್ ಮೇಲೆಯೇ. ಎಷ್ಟು ಶುದ್ಧವಾಗಿದ್ದರೂ ಕೆಲವು ನಾಯಿಗಳ ಕರುಳಿಗೆ ಅದು ಆಗುವುದಿಲ್ಲ. ಹಿಂದೆಂದೂ ತಿನ್ನದ ಮಾಂಸ ಕೊಟ್ಟು ನೋಡಬೇಕು, ಆದರೆ ಮಂಗಳೂರಿನ ನಾಯಿಗೆ ಮೀನು ಹೊಸದಾಗಲು ಸಾಧ್ಯವೇ? ಆದ್ದರಿಂದ ಡಾಕ್ಟರ್ ಬರೆದುಕೊಡುವ ಹೈಡ್ರೊಲೈಸ್ಡ್ ಆಹಾರವೇ (ಪ್ರೋಟೀನನ್ನು ಸಣ್ಣ ಚೂರಾಗಿ ಒಡೆದು ಮಾಡಿದ್ದು) ವಾಸಿ. ಆಹಾರದಿಂದ ಸರಿಹೋಗುವ ನಾಯಿಗಳಲ್ಲಿ ಎರಡು ವಾರದೊಳಗೆ ವ್ಯತ್ಯಾಸ ಕಾಣುತ್ತದೆ. ಆ ಎರಡು ವಾರ ಬಿಸ್ಕೆಟ್, ಮೂಳೆ, ಚಿಕನ್ ರುಚಿಯ ಮಾತ್ರೆ ಕೂಡ ಬಾಯಿಗೆ ಬೀಳಬಾರದು.

ರಿಪೋರ್ಟ್‌ನಲ್ಲಿ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಕಡಿಮೆ ಇದೆಯೇ ನೋಡಿಸಿ. ಅದು ಇಳಿದಿದ್ದರೆ, ಅಥವಾ ಕಾಲು-ಹೊಟ್ಟೆ ಊದಿಕೊಂಡಿದ್ದರೆ, ಆಹಾರದ ಪ್ರಯೋಗಕ್ಕೆ ಕಾಯದೆ ತಕ್ಷಣ ದೊಡ್ಡ ಆಸ್ಪತ್ರೆಗೆ ತೋರಿಸಿ.