ಅನುದಾನ ಮುಗಿದ ಮೇಲೂ ಆರೋಗ್ಯ ಯೋಜನೆ ಉಳಿಯಬೇಕಾದರೆ ಎಂಥ ಹಣ ಬೇಕು?

ನಿಮ್ಮ ಸಂಸ್ಥೆಗೆ ತಾಯಿ-ಮಕ್ಕಳ ಆರೋಗ್ಯದ ಕೆಲಸಕ್ಕೆ ಮೂರು ವರ್ಷದ ಅನುದಾನ ಸಿಕ್ಕಿದೆ, ಅದು ಮುಗಿದ ಮೇಲೆ ಕೆಲಸ ನಿಲ್ಲದಿರಲು ಯಾವ ಬಗೆಯ ಹಣ ಹುಡುಕಬೇಕು ಎಂದು ಕೇಳಿದ್ದೀರಿ. ಇಂಥ ಯೋಜನೆಗಳಿಗೆ ಬಜೆಟ್ ಬರೆದುಕೊಡುವುದೇ ನನ್ನ ಕೆಲಸ. ಬಜೆಟ್ ಕೈಗೆ ಬಂದ ಕೂಡಲೇ ನಾನು ಮೊದಲು ನೋಡುವುದು ಒಟ್ಟು ಮೊತ್ತವನ್ನಲ್ಲ. ಮನೆಮನೆಗೆ ಹೋಗುವ ಕಾರ್ಯಕರ್ತೆಗೆ ನಾಲ್ಕನೇ ವರ್ಷ ಸಂಬಳ ಕೊಡುವವರು ಯಾರು ಎಂಬುದನ್ನು. ಕಟ್ಟಡ, ಉಪಕರಣ, ತರಬೇತಿಗೆ ಹಣ ಕೊಡುವವರು ಸಿಗುತ್ತಾರೆ. ವರ್ಷವರ್ಷವೂ ಸಂಬಳ ಕೊಡಲು ಒಪ್ಪುವವರು ಬಹಳ ಕಡಿಮೆ.

ಒಬ್ಬರೇ ದಾನಿಯನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು 2025 ತೋರಿಸಿಕೊಟ್ಟಿತು. ಜನವರಿ 20ರಂದು ಅಮೆರಿಕ ತನ್ನ ವಿದೇಶಿ ನೆರವನ್ನು 90 ದಿನಗಳ ಮಟ್ಟಿಗೆ ತಡೆಹಿಡಿಯಿತು. ಎಷ್ಟೋ ದೇಶಗಳಲ್ಲಿ ಎಚ್‌ಐವಿ, ಕ್ಷಯರೋಗದ ಕ್ಲಿನಿಕ್‌ಗಳು ಬಾಗಿಲು ಹಾಕಿದವು. ಆ ಯೋಜನೆಗಳ ಕೆಲಸದಲ್ಲಿ ಕೊರತೆಯಿತ್ತೆಂದು ಹೀಗಾಗಲಿಲ್ಲ. 2011ರಲ್ಲಿ, ಏಡ್ಸ್, ಕ್ಷಯ, ಮಲೇರಿಯಾ ವಿರುದ್ಧದ ಕೆಲಸಕ್ಕೆ ಹಣ ಕೊಡುವ ಅಂತರರಾಷ್ಟ್ರೀಯ ನಿಧಿಯಾದ ಗ್ಲೋಬಲ್ ಫಂಡ್ ಕೂಡ ಹಣ ಸಾಲದೆ ತನ್ನ ಹನ್ನೊಂದನೇ ಸುತ್ತಿನ ಅನುದಾನವನ್ನೇ ರದ್ದು ಮಾಡಿತ್ತು. ದೊಡ್ಡ ದಾನಿ ಎಂದಮಾತ್ರಕ್ಕೆ ಭದ್ರ ಎಂದುಕೊಳ್ಳಬೇಡಿ.

ಹಾಗಾದರೆ ಫಲಾನುಭವಿಗಳಿಂದಲೇ ಸ್ವಲ್ಪ ಶುಲ್ಕ ತೆಗೆದುಕೊಂಡರೆ? ಈ ಸಲಹೆ ನಿಮಗೆ ಖಂಡಿತ ಬರುತ್ತದೆ, ದುಡ್ಡು ಕೊಟ್ಟರೆ ಜನಕ್ಕೆ ಬೆಲೆ ಗೊತ್ತಾಗುತ್ತದೆ ಎಂಬ ಮಾತೂ ಜೊತೆಗೆ ಬರುತ್ತದೆ. ಕೆನ್ಯಾದಲ್ಲಿ ಅರ್ಥಶಾಸ್ತ್ರಜ್ಞರಾದ ಮೈಕೆಲ್ ಕ್ರೆಮರ್ ಮತ್ತು ಎಡ್ವರ್ಡ್ ಮಿಗೆಲ್ ಇದನ್ನೇ ಪರೀಕ್ಷಿಸಿದರು. ಶಾಲೆಗಳಲ್ಲಿ ಜಂತುಹುಳುವಿನ ಮಾತ್ರೆ ಉಚಿತವಾಗಿದ್ದಾಗ ಸುಮಾರು ಶೇ. 75ರಷ್ಟು ಮಕ್ಕಳು ತೆಗೆದುಕೊಂಡರು. ಪೋಷಕರಿಂದ ಅಲ್ಪ ಶುಲ್ಕ ಕೇಳಿದ ಶಾಲೆಗಳಲ್ಲಿ ಅದು ಶೇ. 19ರ ಆಸುಪಾಸಿಗೆ ಇಳಿಯಿತು. ಖಾಯಿಲೆ ಬರುವ ಮೊದಲೇ ಅದನ್ನು ತಡೆಯಲು ದುಡ್ಡು ಕೊಡುವವರು ಎಲ್ಲಿಯೂ ಕಡಿಮೆ. ಲಸಿಕೆ, ಗರ್ಭಿಣಿಯರ ತಪಾಸಣೆ, ಪೌಷ್ಟಿಕಾಂಶದ ಸಲಹೆಗೆ ಶುಲ್ಕ ಇಟ್ಟರೆ ಮೊದಲು ದೂರವಾಗುವುದು ಯಾರಿಗಾಗಿ ಕೆಲಸ ಶುರುಮಾಡಿದಿರೋ ಅವರೇ. ಇದು ನನಗೆ ಒಪ್ಪಿಗೆಯಿಲ್ಲ.

ಆದರೂ ಶುಲ್ಕದ ದಾರಿ ಎಲ್ಲ ಕಡೆಯೂ ಕೆಟ್ಟದ್ದಲ್ಲ. ಡಾ. ವೆಂಕಟಸ್ವಾಮಿಯವರು 1976ರಲ್ಲಿ ಮಧುರೆಯಲ್ಲಿ 11 ಹಾಸಿಗೆಗಳೊಂದಿಗೆ ಶುರುಮಾಡಿದ ಅರವಿಂದ್ ಕಣ್ಣಿನ ಆಸ್ಪತ್ರೆ, ದುಡ್ಡು ಕೊಡಬಲ್ಲವರ ಶುಲ್ಕದಿಂದಲೇ ಉಳಿದವರಿಗೆ ಉಚಿತ ಶಸ್ತ್ರಚಿಕಿತ್ಸೆ ಮಾಡುತ್ತ ಬೆಳೆಯಿತು. 1992ರಿಂದ ಅವರದೇ ಅರೋಲ್ಯಾಬ್ ಕಣ್ಣಿನ ಮಸೂರ ತಯಾರಿಸತೊಡಗಿದ ಮೇಲೆ ಖರ್ಚೂ ಬಹಳ ತಗ್ಗಿತು. ಅಲ್ಲಿ ಅದು ನಡೆಯುವುದಕ್ಕೆ ಕಾರಣವಿದೆ: ಪೊರೆ ತೆಗೆಸಿಕೊಂಡವರಿಗೆ ಫಲ ಕಣ್ಣೆದುರೇ ಕಾಣುತ್ತದೆ, ಶಸ್ತ್ರಚಿಕಿತ್ಸೆಯೂ ಒಂದೇ ರೀತಿಯದು, ಸಂಖ್ಯೆಯೂ ದೊಡ್ಡದು. ನಿಮ್ಮ ಕೆಲಸದಲ್ಲಿ ಈ ಮೂರೂ ಇಲ್ಲ.

ನಿಮಗೆ ಹತ್ತಿರವಾದ ಉದಾಹರಣೆ ಅವಾಹನ್. ಗೇಟ್ಸ್ ಪ್ರತಿಷ್ಠಾನ 2003ರಲ್ಲಿ ಭಾರತದ ಆರು ರಾಜ್ಯಗಳಲ್ಲಿ ಆರಂಭಿಸಿದ ಎಚ್‌ಐವಿ ತಡೆ ಯೋಜನೆ ಅದು. 2009ರಿಂದ ಅದನ್ನು ಹಂತ ಹಂತವಾಗಿ ಸರ್ಕಾರಕ್ಕೆ ಒಪ್ಪಿಸಲಾಯಿತು. ಒಪ್ಪಿಸುವ ಮೊದಲು ಬಜೆಟ್ಟನ್ನೂ ಕೆಲಸದ ಕ್ರಮವನ್ನೂ ಸರ್ಕಾರದ ಮಾನದಂಡಕ್ಕೆ ಹೊಂದಿಸಿಕೊಳ್ಳಲು ಸಮಯ ಕೊಟ್ಟಿದ್ದರು. ನಾನು ಹೆಚ್ಚು ಬೆಲೆ ಕೊಡುವುದು ಇದಕ್ಕೇ. ಸರ್ಕಾರ ಕೊಡುವುದರ ಎರಡರಷ್ಟು ಸಂಬಳಕ್ಕೆ ಜನರನ್ನು ತೆಗೆದುಕೊಂಡ ಯೋಜನೆಯನ್ನು, ಅದು ಎಷ್ಟೇ ಚೆನ್ನಾಗಿ ನಡೆದಿರಲಿ, ವಹಿಸಿಕೊಳ್ಳಲು ಯಾರೂ ಮುಂದೆ ಬರುವುದಿಲ್ಲ.

ಹಾಗಾಗಿ ಸಂಬಳದ ಶ್ರೇಣಿ, ನೋಂದಣಿ ಪುಸ್ತಕ, ವರದಿಯ ನಮೂನೆ ಎಲ್ಲವನ್ನೂ ಮೊದಲ ವರ್ಷವೇ ಸರ್ಕಾರಿ ಆರೋಗ್ಯ ಇಲಾಖೆಯದಕ್ಕೆ ಹೊಂದಿಸಿ. ಕೊನೆಯ ದಿನ ಒಮ್ಮೆಲೇ ಹಣ ನಿಲ್ಲಿಸದೆ, ಇದೇ ಮೊತ್ತವನ್ನು ಐದು ವರ್ಷಕ್ಕೆ ಇಳಿಕೆಯ ಕ್ರಮದಲ್ಲಿ ಹಂಚಬಹುದೇ ಎಂದು ದಾನಿಯನ್ನು ಕೇಳಿ. ಕೇಳಿದವರಿಗೆ ಸಿಕ್ಕಿದ್ದನ್ನು ನೋಡಿದ್ದೇನೆ. ಆಡಳಿತ ವೆಚ್ಚವನ್ನು ಕಡಿಮೆ ತೋರಿಸಲು ಹೋಗಬೇಡಿ. ಲೆಕ್ಕಿಗರಿಗೆ, ಬಾಡಿಗೆಗೆ ಹಣವಿಲ್ಲದ ಸಂಸ್ಥೆಗೆ ಮುಂದಿನ ಅನುದಾನಕ್ಕೆ ಅರ್ಜಿ ಬರೆಯುವಷ್ಟು ಬಿಡುವೂ ಇರುವುದಿಲ್ಲ. ಯಾವ ಬಾಬ್ತಿಗೂ ಕಟ್ಟುಬೀಳದ ಸಣ್ಣ ದೇಣಿಗೆಗಳನ್ನು ಈಗಿನಿಂದಲೇ ಕೂಡಿಸಿ, ಆರು ತಿಂಗಳ ಸಂಬಳದಷ್ಟು ಬೇರೆಯಾಗಿ ತೆಗೆದಿಡಿ. ಒಂದು ಅನುದಾನ ಮುಗಿದು ಇನ್ನೊಂದು ಬರುವ ನಡುವಿನ ಅವಧಿಯಲ್ಲೇ ಅನುಭವಿ ಕಾರ್ಯಕರ್ತೆಯರು ಬಿಟ್ಟುಹೋಗುವುದು.