ಸತ್ತ ಕರ್ಣನ ಮುಂದೆ ಕೌರವ ಹೇಳಿದ ಮಾತು

ಪ್ರಶ್ನೆ: ನಾನು ಹೊನ್ನಾವರದ ಬಿ.ಎ. ವಿದ್ಯಾರ್ಥಿನಿ. ರನ್ನನ 'ಗದಾಯುದ್ಧ'ದ ದುರ್ಯೋಧನನ ಪಾತ್ರದ ಬಗ್ಗೆ ಪ್ರಬಂಧ ಬರೆಯಬೇಕು. ಗೈಡಿನಲ್ಲಿ ಗುಣ, ದೋಷ ಅಂತ ಎರಡು ಪಟ್ಟಿ ಕೊಟ್ಟಿದ್ದಾರೆ. ನಮ್ಮೂರ ಯಕ್ಷಗಾನದ ಆಟದಲ್ಲಿ ಕೌರವನನ್ನು ನೋಡಿದರೆ ನನಗೆ ಅಳು ಬರುತ್ತದೆ. ಅವನು ಒಳ್ಳೆಯವನು ಅಂತ ಬರೆಯಲೋ, ಕೆಟ್ಟವನು ಅಂತಲೋ?

ಉತ್ತರ: ಆ ಎರಡು ಪಟ್ಟಿಯನ್ನು ಬದಿಗಿಡಿ. ಅಳು ಬಂತು ಅಂದಿರಲ್ಲ, ಅಲ್ಲಿಂದ ಶುರು ಮಾಡಿ. ಯಾವ ಮಾತಿಗೆ ಬಂತು? ಆ ಮಾತನ್ನು ಅವನು ಯಾರ ಎದುರು ಆಡುತ್ತಿದ್ದ?

ನಮ್ಮ ಜಿಲ್ಲೆಯವರಿಗೆ ಪಾತ್ರದ ಬಗ್ಗೆ ಮಾತಾಡುವುದು ತಾಳಮದ್ದಲೆಯಿಂದಲೇ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಿಂದಲೇ ಬಂದ ಅಭ್ಯಾಸ. ಕೌರವನ ಅರ್ಥ, ಅಂದರೆ ಅವನ ಪಾತ್ರದ ಮಾತು, ಹೇಳಲು ಕೂತವರು ಕೌರವನ ಪರವಾಗಿಯೇ ವಾದ ಮಾಡಬೇಕು. ಎದುರಿಗೆ ಕೃಷ್ಣ ಕೂತಿರುತ್ತಾನೆ, ಬಿಟ್ಟುಕೊಡುವಂತಿಲ್ಲ. ಕೇಳಲು ಅದು ಬಹಳ ಚೆಂದ. ಆದರೆ ಪ್ರಬಂಧ ಬರೆಯುವಾಗಲೂ ಹಾಗೇ ಒಂದು ಪಕ್ಷ ಹಿಡಿದು ಕೂತುಬಿಟ್ಟರೆ ರನ್ನ ಬರೆದದ್ದರಲ್ಲಿ ಅರ್ಧ ನಮಗೆ ಕೇಳಿಸುವುದೇ ಇಲ್ಲ.

ರನ್ನನ ಕಾವ್ಯದಲ್ಲಿ ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆದು ಹೋಗುವ ಭಾಗವನ್ನು ತೆಗೆಯಿರಿ. ಶರಶಯ್ಯೆಯಲ್ಲಿರುವ ಭೀಷ್ಮರನ್ನು ಕಾಣಲು ಹೊರಟವನಿಗೆ ದಾರಿಯುದ್ದಕ್ಕೂ ತನ್ನವರ ಹೆಣ ಸಿಗುತ್ತವೆ. ದುಶ್ಶಾಸನನ ಎದುರು ನಿಂತು ಅವನು ಹೇಳುವುದರ ಸಾರ ಇಷ್ಟು: ತಾಯಿಯ ಮೊಲೆಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು. ಎಲ್ಲದರಲ್ಲೂ ನಾನು ಮೊದಲು, ನೀನು ನಂತರ. ಸಾಯುವುದರಲ್ಲಿ ಮಾತ್ರ ನೀನು ಮುಂದೆ ಹೋದೆ. ಈ ಪದ್ಯದಲ್ಲಿ ಅವನು ಯುದ್ಧದ ಮಾತೇ ಎತ್ತುವುದಿಲ್ಲ. ಒಂದೇ ಮನೆಯಲ್ಲಿ ಹಿಂದೆ ಮುಂದೆ ಹುಟ್ಟಿ ಬೆಳೆದ ಇಬ್ಬರು ಹುಡುಗರ ಲೆಕ್ಕ ಅದು. ತಮ್ಮನನ್ನು ಕಳೆದುಕೊಂಡ ಯಾವ ಅಣ್ಣನೂ ಹೀಗೇ ಲೆಕ್ಕ ಹಾಕುತ್ತಾನೆ.

ಆಮೇಲೆ ಕರ್ಣ. ಈ ಪದ್ಯದ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. "ಆನರಿವೆಂ, ಪೃಥೆಯರಿವಳ್" ಎಂದು ಶುರುವಾಗುತ್ತದೆ. ನನಗೆ ಗೊತ್ತು, ಕುಂತಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ಸೂರ್ಯನಿಗೆ ಗೊತ್ತು, ದಿವ್ಯಜ್ಞಾನಿ ಸಹದೇವನಿಗೆ ಗೊತ್ತು. ನೀನು ಯಾರೆಂದು ಬೇರೆ ಯಾರಿಗೂ ಗೊತ್ತಿಲ್ಲ, ಅಂಗಾಧಿಪತಿ. ಗಮನಿಸಿ, ಪಟ್ಟಿಯಲ್ಲಿ ಹೆತ್ತ ತಾಯಿಗಿಂತ ಮೊದಲು ಅವನು ತನ್ನನ್ನೇ ಇಟ್ಟುಕೊಂಡಿದ್ದಾನೆ. ಅಂದರೆ ಕರ್ಣ ಪಾಂಡವರ ಅಣ್ಣ ಎಂಬುದು ರನ್ನನ ದುರ್ಯೋಧನನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಬಹುಶಃ ಯುದ್ಧವೇ ನಡೆಯುತ್ತಿರಲಿಲ್ಲ, ಅಲ್ವಾ? ಕರ್ಣನೂ ಉಳಿಯುತ್ತಿದ್ದ. ಇದು ಪ್ರೀತಿಯೋ, ಸ್ವಾರ್ಥವೋ, ಗೆಳೆಯನನ್ನು ಕಳೆದುಕೊಳ್ಳುವ ಭಯವೋ? ರನ್ನ ಬಿಡಿಸಿ ಹೇಳುವುದಿಲ್ಲ. ಆದರೆ ಆ ಮಾತನ್ನು ಯಾವಾಗ ಹೇಳಿಸುತ್ತಾನೆ ನೋಡಿ. ಕೇಳಬೇಕಾದವನು ಸತ್ತು ಬಿದ್ದಿದ್ದಾನೆ. ಪಕ್ಕದಲ್ಲಿ ಸಂಜಯ ಒಬ್ಬನೇ. ಗೆಲ್ಲಲು ಎದುರು ಯಾರೂ ಇಲ್ಲದಾಗ ಈ ಮನುಷ್ಯನ ಬಾಯಿಂದ ನಿಜ ಹೊರಗೆ ಬರುತ್ತದೆ.

ಇನ್ನು ಸ್ವಲ್ಪ ಮುಂದೆ ಹೋಗಿ. ಭೀಷ್ಮರು ಸಂಧಿ ಮಾಡಿಕೋ ಅನ್ನುತ್ತಾರೆ. ಅದೇ ದುರ್ಯೋಧನ ತಟ್ಟನೆ ಎದ್ದು ನಿಲ್ಲುತ್ತಾನೆ: ನಿಮಗೆ ನಮಸ್ಕಾರ ಮಾಡಿ ಹೋಗೋಣ ಅಂತ ಬಂದೆ, ಸಂಧಿ ಮಾಡಿಸಿಕೊಳ್ಳಲು ಬಂದೆನೇ? ನೆಲಕ್ಕಾಗಿ ಹೋರಾಡುತ್ತೇನೆ ಅಂದುಕೊಂಡಿರೇನು, ಛಲಕ್ಕಾಗಿ ಹೋರಾಡುತ್ತೇನೆ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳುನೆಲ, ಅದರ ಜೊತೆ ಮತ್ತೆ ಬಾಳುತ್ತೇನೆಯೇ? ಕೇಳುವವರು ಬದಲಾದ ಕೂಡಲೇ ದನಿಯೂ ಬದಲಾಯಿತು. 'ಛಲದೊಳ್ ದುರ್ಯೋಧನಂ' ಎಂದು ಪಂಪ ಮೊದಲೇ ಹೇಳಿದ್ದ. ರನ್ನ ಆ ಛಲದ ಒಳಗೆ ಕರ್ಣನ ಹೆಣವನ್ನು ಇಟ್ಟ. ನಿಮ್ಮ ಪ್ರಬಂಧಕ್ಕೆ ಈ ಎರಡು ದೃಶ್ಯಗಳ ನಡುವಿನ ವ್ಯತ್ಯಾಸ ಒಂದೇ ಸಾಕು.

ಒಂದು ಎಚ್ಚರ ಮಾತ್ರ ಇರಲಿ. ಅವನು ಮೊಲೆಹಾಲು ನೆನೆದು ಅತ್ತ ತಮ್ಮ ಯಾರು? ದ್ರೌಪದಿಯ ಮುಡಿಗೆ ಕೈ ಹಾಕಿ ಸಭೆಗೆ ಎಳೆದು ತಂದವನು. ಎಳೆದು ತರಲು ಹೇಳಿದವನು ಈ ಅಣ್ಣನೇ. ಅಭಿಮನ್ಯುವಿನ ಹೆಣದ ಮುಂದೆ "ನಿನ್ನ ಸಾಹಸದಲ್ಲಿ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೆ ಬರಲಿ" ಎಂದು ಬೇಡುತ್ತಾನೆ. ಆ ಹುಡುಗನನ್ನು ಸುತ್ತುವರಿದು ಕೊಂದವರು ಅವನ ಕಡೆಯವರೇ. ಒಂದನ್ನು ಬರೆಯುವಾಗ ಇನ್ನೊಂದನ್ನು ಅಳಿಸಬೇಡಿ. ರನ್ನನೂ ಅಳಿಸಲಿಲ್ಲ. ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ, ಈ 'ಗದಾಯುದ್ಧ' ಕಾವ್ಯಕ್ಕೆ 'ಸಾಹಸಭೀಮ ವಿಜಯ' ಎಂದೂ ಹೆಸರಿಟ್ಟ. ಹಾಗಿದ್ದೂ ಸೋಲುವವನಿಗೆ ಇಷ್ಟು ಜಾಗ ಕೊಟ್ಟ.

ಎಷ್ಟೋ ವರ್ಷದ ಹಿಂದೆ, ಕುಮಟಾ ಹತ್ತಿರದ ಗದ್ದೆಬಯಲಿನಲ್ಲಿ, ಬೆಳಗಿನ ಜಾವ ನಾನು ಈ ಪ್ರಸಂಗ ನೋಡುತ್ತಿದ್ದೆ. ಚಂಡೆ ನಿಂತಿತ್ತು. ಮದ್ದಲೆ ಮಾತ್ರ ಮೆಲ್ಲಗೆ ಕೇಳುತ್ತಿತ್ತು. ಕೌರವ ಸುಮ್ನೆ ನಿಂತಿದ್ದ, ಗದೆಯ ಮೇಲೆ ಎರಡೂ ಕೈ ಊರಿಕೊಂಡು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ನನ್ನ ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ಅಜ್ಜಿ "ಪಾಪ, ಯಾರೂ ಉಳೀಲಿಲ್ಲ" ಅಂದರು. ಅವನು ಮಾಡಿದ್ದು ಸರಿ ಅಂತ ಅವರು ಹೇಳಲಿಲ್ಲ. ನಿಮಗೆ ಬಂದ ಅಳು ಕೂಡ ಅದೇ ಜಾತಿಯದು ಅನ್ನಿಸುತ್ತದೆ.

ಪ್ರಶ್ನೆ: ಶಿರಸಿಯಲ್ಲಿ ಪಾಠ ಮಾಡುತ್ತೇನೆ. 'ತುಘಲಕ್' ನಾಟಕದ ವಸ್ತು ಏನು ಅಂದರೆ ಮಕ್ಕಳೆಲ್ಲ 'ಆದರ್ಶದ ಸೋಲು' ಅಂತ ಒಂದೇ ಮಾತು ಬರೆಯುತ್ತಾರೆ. ಅಲ್ಲಿಂದ ಮುಂದೆ ಕರೆದೊಯ್ಯುವುದು ಹೇಗೆ?

ಉತ್ತರ: ಆ ಉತ್ತರ ತಪ್ಪಲ್ಲ. ಆದರೆ ಅದನ್ನು ನಾಟಕ ಓದದೆಯೂ ಬರೆಯಬಹುದು. ವಸ್ತು ಹುಡುಕಿ ಅನ್ನುವ ಬದಲು ಒಂದೇ ಒಂದು ಸಂಗತಿಯನ್ನು ಮೊದಲಿಂದ ಕೊನೆವರೆಗೆ ಹಿಂಬಾಲಿಸಲು ಹೇಳಿ. ನಾನಾದರೆ ಪ್ರಾರ್ಥನೆಯನ್ನು ಕೊಡುತ್ತೇನೆ.

ಮೊದಲ ದೃಶ್ಯದಲ್ಲೇ ಜನ ಮಾತಾಡಿಕೊಳ್ಳುತ್ತಾರೆ, ದಿನಕ್ಕೆ ಐದು ಸಲ ಪ್ರಾರ್ಥನೆ ಈಗ ಕಾನೂನು ಆಗಿದೆ ಎಂದು. ಮುಂದೆ ಅಮೀರರು ಸುಲ್ತಾನನನ್ನು ಮುಗಿಸಲು ಆರಿಸಿಕೊಳ್ಳುವ ಹೊತ್ತು ಪ್ರಾರ್ಥನೆಯದೇ. ಸಂಚು ಅವನಿಗೆ ಮೊದಲೇ ಗೊತ್ತಾಗಿರುತ್ತದೆ. ಅದೇ ಪ್ರಾರ್ಥನೆಯ ನಡುವೆ ಅವನ ಸೈನಿಕರು ಬಂದು ಅವರನ್ನು ಹಿಡಿಯುತ್ತಾರೆ. ಸಂಚಿನಲ್ಲಿ ಸೇರಿದ್ದ ಶಿಹಾಬುದ್ದೀನನನ್ನು ಸುಲ್ತಾನ ತನ್ನ ಕೈಯಾರೆ ಇರಿದು ಕೊಲ್ಲುತ್ತಾನೆ. ಆಮೇಲೆ ಪ್ರಾರ್ಥನೆಯನ್ನೇ ನಿಷೇಧಿಸುತ್ತಾನೆ. ವರ್ಷಗಳ ನಂತರ ಮತ್ತೆ ಶುರು ಮಾಡಿಸುತ್ತಾನೆ, ಅದೂ ಪೂಜ್ಯ ಅತಿಥಿಯ ವೇಷದಲ್ಲಿ ಬಂದ ಅಗಸ ಅಜೀಜನ ಎದುರು. ಕೊನೆಗೆ ಪ್ರಾರ್ಥನೆಯ ಕರೆ ಕೇಳುವಾಗ ಸುಲ್ತಾನ ಕೂತಲ್ಲೇ ನಿದ್ದೆ ಹೋಗಿರುತ್ತಾನೆ. ಇಷ್ಟನ್ನು ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ಬರೆಸಿ. ಮಕ್ಕಳೇ ಮಾತಾಡಲು ಶುರು ಮಾಡುತ್ತಾರೆ. ನಿದ್ದೆಯೇ ಬಾರದೆ ಒದ್ದಾಡುತ್ತಿದ್ದವನಿಗೆ ಆ ಗಳಿಗೆಯಲ್ಲೇ ಯಾಕೆ ನಿದ್ದೆ ಬಂತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಗುಲಾಬಿ ತೋಟವನ್ನೂ ಹೀಗೇ ಹಿಂಬಾಲಿಸಬಹುದು. ಅಲ್ಲಿ ಕೊನೆಗೆ ತಾಮ್ರದ ನಾಣ್ಯಗಳ ರಾಶಿ ಬೀಳುತ್ತದೆ.

ಇದನ್ನು ಬರೆದ ಗಿರೀಶ ಕಾರ್ನಾಡರು ಹುಡುಗರಾಗಿದ್ದಾಗ ನಿಮ್ಮ ಶಿರಸಿಯಲ್ಲೇ ಕಂಪನಿ ನಾಟಕ, ಯಕ್ಷಗಾನ ನೋಡುತ್ತ ಬೆಳೆದವರು. ನಾಟಕ ಬಂದದ್ದು 1964ರಲ್ಲಿ. ಮಕ್ಕಳಿಗೆ ಇದನ್ನೂ ಹೇಳಿ, ಅವರಿಗೆ ನಾಟಕ ಹತ್ತಿರ ಆಗುತ್ತದೆ.

ಪ್ರಶ್ನೆ: ಕಾರವಾರದವನು. ರವೀಂದ್ರನಾಥ ಟಾಗೋರರು ಇಲ್ಲಿ ಬರೆದ ನಾಟಕದಲ್ಲಿ ನಮ್ಮ ಕಡಲು ಎಲ್ಲಿದೆ? ಹುಡುಕಿದರೂ ಸಿಗಲಿಲ್ಲ.

ಉತ್ತರ: ಅವರು ಇಲ್ಲಿ ಬರೆದ ಬಂಗಾಳಿ ನಾಟಕ 'ಪ್ರಕೃತಿರ್ ಪ್ರತಿಶೋಧ'ದಲ್ಲಿ (ಪ್ರಕೃತಿಯ ಸೇಡು) ಕಾರವಾರದ ಹೆಸರು ಹುಡುಕಬೇಡಿ. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಿಂದ ಇಳಿತದ ಜೊತೆ ದೋಣಿಯಲ್ಲಿ ಮರಳಿ ಬಂದು, ಅಳಿವೆಯ ಬಳಿ ಇಳಿದು, ಮರಳ ಮೇಲೆ ನಡೆದು ಮನೆ ಸೇರಿದ್ದನ್ನು ಅವರೇ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ನಾಟಕದಲ್ಲಿರುವುದು ಎಲ್ಲ ನಂಟನ್ನೂ ಕಡಿದುಕೊಂಡೆ ಎಂದು ಗವಿಯಿಂದ ಹೊರಬಂದ ಸನ್ಯಾಸಿ ಮತ್ತು ಯಾರೂ ಮುಟ್ಟಿಸಿಕೊಳ್ಳದ ಒಬ್ಬ ಅನಾಥ ಹುಡುಗಿ. ಅವಳ ಮೇಲೆ ಮಮತೆ ಹುಟ್ಟಿದ ಕೂಡಲೇ ಅವನು ಹೆದರಿ ಓಡಿಹೋಗುತ್ತಾನೆ. ದಾರಿಯಲ್ಲಿ ಹೋಗುವ ಬರುವ ಸಾಮಾನ್ಯ ಜನ ನಾಟಕದ ತುಂಬ ಇದ್ದಾರೆ. ಅವರ ಹರಟೆಯನ್ನು ಬಿಟ್ಟು ಓದಬೇಡಿ. ಈ ನಾಟಕದ ಇಂಗ್ಲಿಷ್ ರೂಪ 'ಸನ್ಯಾಸಿ'ಯಲ್ಲಿ, ಕೊನೆಗೆ ದಂಡ, ಭಿಕ್ಷಾಪಾತ್ರೆ ಮುರಿದು ಹಾಕಿ ಹುಡುಗಿಯನ್ನು ಹುಡುಕಿಕೊಂಡು ಬಂದಾಗ, ಅವಳು ಸತ್ತಳು ಎಂದು ಅವನಿಗೆ ಹೇಳುವವರೂ ಆ ದಾರಿಯ ಜನರೇ. ಅವನು ನಂಬುವುದಿಲ್ಲ.